‘ಮನೆ ಮಂದಿ’ ಗುಂಪಿನಲ್ಲಿ ಫುಟ್‌ಬಾಲ್, ಏಪ್ರಿಲ್ 2025

ಮೈಸೂರು ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಫೈನಲ್ ಸೋತ ಬೆಂಗಳೂರು ತಂಡವನ್ನು ಇಂಡಿಯನ್ ಸೂಪರ್ ಲೀಗ್‌ನಿಂದ (ಐಎಸ್‌ಎಲ್) ಕೆಳಗಿನ ದರ್ಜೆಗೆ ತಳ್ಳುತ್ತಾರೆ! ಕನ್ನಡಿಗರೇ, ಎಚ್ಚೆತ್ತುಕೊಳ್ಳಿ!

ಸುಮಾ: ಯಾರು ಹೇಳಿದ್ದು ಚಿಕ್ಕಪ್ಪ? ಫೈನಲ್ ಆಡಿದವರು ಹಾಗಿರಲಿ, ಐಎಸ್‌ಎಲ್‌ನಲ್ಲಿ ಕೊನೆಯ ಸ್ಥಾನದವರನ್ನೂ ಈವರೆಗೆ ಇಳಿಸಿಲ್ಲ. ಮೇಲೇರಿ ಬಂದವರುಂಟು. ಕೆಳಗಿನ ದರ್ಜೆಯ ಐ-ಲೀಗ್ ಗೆದ್ದು ಪಂಜಾಬ್ ಬಂದಿತು, ಮರುವರ್ಷ ಮೊಹಮ್ಮಡನ್. ಅದಕ್ಕೇ ಈ ಸಲ 13 ತಂಡ, ತಲಾ 24 ಪಂದ್ಯ.

ಮೈಸೂರು ಚಿಕ್ಕಪ್ಪ: ನನ್ನ ಬ್ಯಾಂಕಿನ ಗೆಳೆಯರು ಕಳಿಸಿದ್ದು. ಸುಳ್ಳು ಹೇಳುವವರಲ್ಲ.

ರಘು ಭಾವ: ಕರಿಬೇವಿನ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಮಾಯ ಎಂದವರೂ ಅವರೇ ಅಲ್ಲವೇ?

ದೊಡ್ಡಪ್ಪ: ಹಿರಿಯರನ್ನು ಆಡಿಕೊಳ್ಳಬಾರದು. ಆದರೂ ಒಂದು ಸಂಶಯ. ಅಂಕಪಟ್ಟಿಯಲ್ಲಿ ಮೊದಲು ಬಂದ ಮೇಲೆ ಮತ್ತೆ ಫೈನಲ್ ಏಕೆ? ನಮ್ಮ ಕಾಲದಲ್ಲಿ ರ‍್ಯಾಂಕ್ ಬಂದವನಿಗೆ ಮರುಪರೀಕ್ಷೆ ಇರಲಿಲ್ಲ.

ಸುಮಾ: ಮೊದಲ ಸ್ಥಾನಕ್ಕೆ ಶೀಲ್ಡ್ ಸಿಗುತ್ತದೆ ದೊಡ್ಡಪ್ಪ. ಕಪ್ ಬೇರೆ. ಮೊದಲಿಬ್ಬರು ನೇರ ಸೆಮಿಫೈನಲ್‌ಗೆ ಹೋಗುತ್ತಾರೆ, ಮೂರರಿಂದ ಆರನೆಯವರೆಗಿನವರು ಒಂದೊಂದು ಪಂದ್ಯ ಗೆದ್ದು ಬರಬೇಕು. ನಾವು ಮೂರನೆಯವರು. ಮುಂಬೈಗೆ 5-0 ಬಾರಿಸಿ, ಗೋವಾವನ್ನು ದಾಟಿ, ಮೋಹನ್ ಬಾಗಾನ್‌ಗೆ 2-1ರಲ್ಲಿ ಸೋತೆವು. ಶೀಲ್ಡೂ ಕಪ್ಪೂ ಅವರಿಗೇ.

ರಘು ಭಾವ: 2018ರಲ್ಲಿ ಶೀಲ್ಡ್ ಕೂಡ ಇರಲಿಲ್ಲ. ಚೆನ್ನೈಯಿನ್‌ಗಿಂತ 8 ಅಂಕ ಮುಂದಿದ್ದೆವು, ಕಂಠೀರವದಲ್ಲೇ ಫೈನಲ್, 3-2ರಲ್ಲಿ ಸೋತು ಬರಿಗೈಯಲ್ಲಿ ಬಂದೆವು. ಅಂದಿನ ನಾಲ್ಕು ಟಿಕೆಟ್ಟಿನ ದುಡ್ಡೂ ನನಗೆ ಇನ್ನೂ ಬಂದಿಲ್ಲ.

ಮೈಸೂರು ಚಿಕ್ಕಪ್ಪ: ಅಳಿಯಂದಿರು ಯಾರನ್ನು ಕುರಿತು ಹೇಳುತ್ತಿದ್ದಾರೆ?

ರಘು ಭಾವ: ವಿರಾಮದಲ್ಲಿ ನನ್ನ ಪಾಲಿನ ಐಸ್‌ಕ್ರೀಮನ್ನೂ ತಿಂದವರನ್ನು ಕುರಿತು.

ಗಿರೀಶ: ನಾನು ಚಿಕ್ಕವನಿದ್ದಾಗ ಐಸ್‌ಕ್ರೀಂ ಎಲ್ಲಿತ್ತು! ಅಪ್ಪ ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಅಶೋಕನಗರದ ಸ್ಟೇಡಿಯಮ್ಮಿಗೆ ಕರೆದೊಯ್ಯುತ್ತಿದ್ದರು. ಐಟಿಐ, ಎಚ್‌ಎಎಲ್ ಕಾರ್ಖಾನೆ ತಂಡಗಳ ಪಂದ್ಯ. ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ತಳದ ಉಪ್ಪನ್ನು ಬೆರಳಿಗೆ ಒತ್ತಿಕೊಂಡು ನೆಕ್ಕುವಷ್ಟರಲ್ಲಿ ಗೋಲು ಆಗಿಬಿಟ್ಟಿರುತ್ತಿತ್ತು.

ದೊಡ್ಡಪ್ಪ: ಅದು ಆಟ. ಈಗಿನದು ವ್ಯಾಪಾರ.

ಸುಮಾ: 2023ರಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ಇಲ್ಲೇ ಹಾಕಿದ್ದೆ. ಒಬ್ಬರೂ ಹೆಬ್ಬೆರಳು ಎತ್ತಲಿಲ್ಲ.

ಗಿರೀಶ: ಆ ಸ್ಕೂಟರಿನ ಫೋಟೋ ಯಾರ ಬಳಿಯಾದರೂ ಇದೆಯೇ?

ಚಿಕ್ಕಮ್ಮ: ಈಗ ನೋಡಿದೆ. ಐಸ್‌ಕ್ರೀಂ ಎರಡು ತಿಂದರೇ? ಸಕ್ಕರೆ ಇದೆ ಎಂದು ಡಾಕ್ಟರು ಹೇಳಿದ್ದು ಆ ವರ್ಷವೇ ಅಲ್ಲವೇ?

ಮೈಸೂರು ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ.