ಪದಚರ್ಚೆ: ಬ್ರಷ್‌ಲೆಸ್ ಮೋಟ್ರಿಗೆ ‘ಕಾರ್ಬನ್ ಇಲ್ಲದ’ ಅನ್ನಬಹುದೇ? ಅದರ ಮೇಲಿನ ‘ಕೆವಿ’ಗೆ ಏನನ್ನಬೇಕು?

ಬಳಗದ ಎಲ್ಲರಿಗೂ ಕಲಬುರಗಿಯಿಂದ ಶರಣು.

ಎರಡು ಪದ ಕೇಳಬೇಕಾಗಿದೆ. ಒಂದು ಬ್ರಷ್‌ಲೆಸ್, ಅಂದರೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಬ್ರಷ್ಷು (ನಮ್ಮ ಅಂಗಡಿಗಳ ‘ಕಾರ್ಬನ್’) ಇಲ್ಲದ ಮೋಟ್ರು. ಇನ್ನೊಂದು ಆ ಮೋಟ್ರುಗಳ ಮೈಮೇಲೆ ಬರೆದಿರುವ ಕೆವಿ, ಅದು ಮೋಟ್ರಿನ ವೇಗದ ಲೆಕ್ಕ. ನಿಘಂಟು ತಿರುವಿ ನೋಡಿದ್ದಾಯಿತು, ರಿಪೇರಿ ಅಂಗಡಿಗಳಲ್ಲಿ ಕೂತು ಕೇಳಿದ್ದೂ ಆಯಿತು. ಒಂದೊಂದು ಪದ ಸಿಕ್ಕಾಗಲೂ ಇದೇ ಸರಿ ಅನ್ನಿಸಿದೆ. ಮೇಜಿನ ಮೇಲೆ ಕೆಲಸಕ್ಕೆ ಇಳಿದಾಗ ಮಾತ್ರ ಎಲ್ಲೋ ತೊಡಕಿದೆ. ಎಲ್ಲಿ ತೊಡಕಿತು ಅನ್ನುವುದನ್ನೂ ಹೇಳಿಬಿಡುತ್ತೇನೆ, ಆಗ ನಿಮಗೂ ಸಲಹೆ ಕೊಡಲು ಸುಲಭ.

ನನ್ನ ಹತ್ತಿರ ಒಂದು ರಿಮೋಟ್ ಟ್ರಕ್ ಇದೆ. ನಿಜವಾದ ಗಾಡಿಯ ಎಂಟನೇ ಒಂದರ ಅಳತೆಯದು, ಹೊಲ ಗುಂಡಿ ದಿಬ್ಬ ಅನ್ನದೆ ಓಡುವಂಥದ್ದು. ಭಾವನವರು ಮಸ್ಕತ್‌ನಿಂದ ಬರುವಾಗ ತಂದುಕೊಟ್ಟರು. ಅದು ನೈಟ್ರೋ ಗಾಡಿ. ಒಳಗೆ 3.5 ಸಿಸಿಯ ಟೂ-ಸ್ಟ್ರೋಕ್ ಇಂಜಿನ್. ಪೆಟ್ರೋಲ್ ಅದಕ್ಕೆ ನಡೆಯುವುದಿಲ್ಲ. ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ ಮೂರೂ ಬೆರೆಸಿದ ಇಂಧನವೇ ಬೇಕು. ಹೆಸರು ನೈಟ್ರೋ ಆದರೂ ನೈಟ್ರೋಮೀಥೇನ್ ಪಾಲು ಸಾಮಾನ್ಯವಾಗಿ ನೂರಕ್ಕೆ 10ರಿಂದ 30 ಅಷ್ಟೇ, ಹೆಚ್ಚಿನದು ಮೆಥನಾಲೇ. ಆ ಇಂಧನ ನನಗೆ ಇಲ್ಲಿ ಎಲ್ಲೂ ಸಿಗಲಿಲ್ಲ. ಬೆಂಕಿ ಹತ್ತುವ ಮಾಲು ಎಂದು ಕೊರಿಯರ್‌ನವರೂ ಒಪ್ಪಲಿಲ್ಲ. ಭಾವನವರು ಕೊಟ್ಟಿದ್ದ ಡಬ್ಬಿ ಮುಗಿದ ಮೇಲೆ ಗಾಡಿ ಎರಡು ವರ್ಷ ಕಪಾಟಿನ ಮೇಲೆ ಕೂತಿತ್ತು. ಕಡೆಗೆ ಇಂಜಿನ್, ಟ್ಯಾಂಕು, ಕ್ಲಚ್ಚು, ಸೈಲೆನ್ಸರ್ ಎಲ್ಲ ಇಳಿಸಿ ಬ್ರಷ್‌ಲೆಸ್ ಮೋಟ್ರು ಕೂಡ್ರಿಸಿದೆ. ಓಣಿಯ ನಾಲ್ಕೈದು ಹುಡುಗರಿಗೂ ಈ ಕೆಲಸ ಕಲಿಯುವ ಆಸೆ. ಅವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಪದಗಳ ತೊಂದರೆ ಶುರುವಾದದ್ದು ಅಲ್ಲಿ.

‘ಕೂಡ್ರಿಸಿದೆ’ ಅಂದೆನಲ್ಲ, ಆ ಪದದ ಬಗ್ಗೆ ನನಗೆ ಸಂಶಯವಿಲ್ಲ. ಮೊದಲು ‘ವಿದ್ಯುತ್ ಪರಿವರ್ತನೆ’ ಎಂದು ಬರೆದು ಹೊಡೆದುಹಾಕಿದ್ದೆ. ಆಟೋಕ್ಕೆ ಗ್ಯಾಸ್ ಕಿಟ್ ಹಾಕಿಸಿದವರು ನಮ್ಮಲ್ಲಿ ‘ಗ್ಯಾಸ್ ಕೂಡ್ರಿಸೀನಿ’ ಅನ್ನುತ್ತಾರೆ. ಬಾವಿಗೆ ಮೋಟ್ರು ಕೂಡ್ರಿಸುತ್ತಾರೆ, ಗೋಡೆಗೆ ಬಾಗಿಲ ಚೌಕಟ್ಟು ಕೂಡ್ರಿಸುತ್ತಾರೆ. ಬರಿ ಇಡುವುದಲ್ಲ, ಜಾಗ ಹೊಂದಿಸಿ, ಸರಿಯಾಗಿ ನಿಲ್ಲಿಸಿ, ಅಲುಗದ ಹಾಗೆ ಬಿಗಿಯುವುದು. ಈ ಟ್ರಕ್ಕಿನಲ್ಲಿ ಇಡೀ ಕಷ್ಟ ಇರುವುದೂ ಅಷ್ಟರಲ್ಲೇ. ಇಂಜಿನ್ ನಿಂತಿದ್ದ ಜಾಗದಲ್ಲಿ ಮೋಟ್ರು ನಿಲ್ಲಬೇಕಾದರೆ ಅಲ್ಯುಮಿನಿಯಂ ಪಟ್ಟಿಯಲ್ಲಿ ಬೇರೆ ಕಟ್ಟು ಮಾಡಿಸಬೇಕು. ನಾನು ಮೊದಲು ಮಾಡಿಸಿದ ಪಟ್ಟಿಯಲ್ಲಿ ತೂತು ಕೂದಲೆಳೆಯಷ್ಟು ವಾರೆ ಬಿದ್ದಿತ್ತು. ಎರಡನೇ ಓಟಕ್ಕೇ 46 ಹಲ್ಲಿನ ದೊಡ್ಡ ಗೇರು ಒಂದು ಮಗ್ಗುಲಿಗೆ ಸವೆದು ನಾಲ್ಕು ಹಲ್ಲು ಕಿತ್ತುಬಂದವು. ಎರಡನೇ ಪಟ್ಟಿಗೆ ಮೋಟ್ರು ಹಿಂದೆ ಮುಂದೆ ಸರಿಯುವ ಹಾಗೆ ಉದ್ದ ತೂತು ಹೊಡೆಸಿದೆ. ಎರಡು ಗೇರುಗಳ ನಡುವೆ ನೋಟ್‌ಬುಕ್ಕಿನ ಹಾಳೆಯ ಒಂದು ಪಟ್ಟಿ ಸಿಕ್ಕಿಸಿ, ಮೋಟ್ರು ಒತ್ತಿ ಹಿಡಿದು ಸ್ಕ್ರೂ ಬಿಗಿದು, ಆಮೇಲೆ ಗೇರು ತಿರುಗಿಸಿ ಹಾಳೆ ಹೊರಗೆ ತೆಗೆದರೆ ಅದರ ದಪ್ಪದಷ್ಟೇ ಸಂದು ಉಳಿಯುತ್ತದೆ. ಹಾಳೆ ಹರಿಯದೆ, ಸೀರೆಯ ನಿರಿಗೆಯ ಹಾಗೆ ಗುರುತು ಬಿದ್ದು ಹೊರಗೆ ಬಂತೆಂದರೆ ಮೋಟ್ರು ಕೂತಿತು ಎಂದರ್ಥ. ಈ ‘ಕೂತಿತು’ ಅನ್ನುವ ಸಮಾಧಾನ ‘ಪರಿವರ್ತನೆ’ಯಲ್ಲಿ ಇಲ್ಲ.

ಈಗ ಬ್ರಷ್‌ಲೆಸ್‌ಗೆ ಬರುತ್ತೇನೆ.

ಮೊದಲ ಕರಡಿನಲ್ಲಿ ನಾನೇ ‘ಕುಂಚರಹಿತ ಮೋಟಾರು’ ಎಂದು ಬರೆದಿದ್ದೆ. ಹುಡುಗರಲ್ಲಿ ಒಬ್ಬ ಓದಿ, ‘ಕುಂಚ ಅಂದ್ರ ಚಿತ್ರ ಬಿಡಸೂದಲ್ಲೇನ್ರಿ?’ ಅಂದ. ಅವನ ಮಾತು ಖರೆ. ಕನ್ನಡದಲ್ಲಿ ಕುಂಚ ಬಳಿಯುತ್ತದೆ, ಸವರುತ್ತದೆ. ಮೋಟ್ರಿನ ಬ್ರಷ್ಷು ಆ ಯಾವ ಕೆಲಸವನ್ನೂ ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಬ್ರಷ್ ಎಂಬ ಹೆಸರು ಬಂದದ್ದು ಹಳೆಯ ಡೈನಮೋಗಳ ಕಾಲದಲ್ಲಿ. ಆಗ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸಲು ತಾಮ್ರದ ಸಣ್ಣ ತಂತಿಗಳ ಕಟ್ಟನ್ನು ತಾಗಿಸಿ ಇಡುತ್ತಿದ್ದರು, ನೋಡಲು ಬ್ರಷ್ಷಿನ ಹಾಗೇ ಇರುತ್ತಿತ್ತು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಆ ಜಾಗಕ್ಕೆ ಕಾರ್ಬನ್ ತುಂಡು ಬಂತು. ವಸ್ತು ಬದಲಾಯಿತು, ಅಲ್ಲಿ ಹೆಸರು ಹಳೆಯದೇ ಉಳಿಯಿತು. ನಾವು ‘ಕುಂಚ’ ಅಂದರೆ ಈಗ ಅಲ್ಲಿ ಇಲ್ಲವೇ ಇಲ್ಲದ ಆಕಾರವನ್ನು ಅನುವಾದ ಮಾಡಿದ ಹಾಗಾಗುತ್ತದೆ.

ನಮ್ಮ ವೈಂಡಿಂಗ್ ಅಂಗಡಿಗಳು ಆ ದಾರಿ ಹಿಡಿಯಲೇ ಇಲ್ಲ. ಶಹಾಬಜಾರ್ ಕಡೆ ನನಗೆ ಬಹಳ ವರ್ಷದಿಂದ ಪರಿಚಯದ ಒಬ್ಬ ಚಾಚಾ ಇದ್ದಾರೆ, ಮಿಕ್ಸರು, ಡ್ರಿಲ್ಲು, ಬಾವಿ ಮೋಟ್ರು ಎಲ್ಲ ಸುತ್ತಿಕೊಡುತ್ತಾರೆ. ಅವರ ಬಾಯಲ್ಲಿ ಅದು ‘ಕಾರ್ಬನ್’, ಅಷ್ಟೇ. ‘ಮಿಕ್ಸರಿಂದು ಕಾರ್ಬನ್ ಹೋಗ್ಯಾದ, ಹೊಸಾದು ಹಾಕ್ಬೇಕು.’ ಹೋದ ಕಾರ್ಬನ್ನನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. ಶಾಲೆಯ ಸೀಮೆಸುಣ್ಣದ ಕೊನೆಯ ತುಣುಕಿನಷ್ಟು ಕರಿ ಚೌಕ, ಬೆನ್ನಿಗೆ ಸ್ಪ್ರಿಂಗು, ಸ್ಪ್ರಿಂಗಿನೊಳಗೆ ತಾಮ್ರದ ಬಾಲ. ತಿರುಗುವ ಭಾಗದ ಮೇಲಿನ ತಾಮ್ರದ ಪಟ್ಟಿಗಳ ಬಳೆಗೆ, ಅಂದರೆ ಕಮ್ಯುಟೇಟರಿಗೆ, ತಿಕ್ಕಿ ತಿಕ್ಕಿ ತುದಿ ಬಟ್ಟಲಿನ ಹಾಗೆ ಸವೆದಿತ್ತು. ಮುಟ್ಟಿದ ಬೆರಳೆಲ್ಲ ಕರಿ.

ನನ್ನ ಹೊಸ ಮೋಟ್ರನ್ನು ಕೈಗೆ ಕೊಟ್ಟೆ. ಚಾಚಾ ದಂಡವನ್ನು ಎರಡು ಬೆರಳಲ್ಲಿ ತಿರುಗಿಸಿದರು. ಒಳಗಿನ ಮ್ಯಾಗ್ನೆಟ್ಟಿನಿಂದಾಗಿ ಅದು ತಡೆತಡೆದು ತಿರುಗುತ್ತದೆ. ಹಿಂದೆ ಮುಂದೆ ಹೊರಳಿಸಿ ಕಾರ್ಬನ್ ಹಾಕುವ ಮುಚ್ಚಳ ಹುಡುಕಿದರು. ಸಿಗಲಿಲ್ಲ. ‘ಇದುಕ್ ಕಾರ್ಬನ್ನೇ ಇಲ್ಲಲ್ರಿ! ಮತ್ತ ಕರೆಂಟ್ ಒಳಗ್ ಹ್ಯಾಂಗ್ ಹೋಗ್ತದ?’ ಈ ಒಂದು ಪ್ರಶ್ನೆಯಲ್ಲಿ ಇಡೀ ವಿಷಯ ಇದೆ. ಕರೆಂಟು ಒಳಗೆ ಹೋಗುವ ಅಗತ್ಯವೇ ಇಲ್ಲ. ಮಿಕ್ಸರಿನಲ್ಲಿ ಸುರುಳಿ ತಿರುಗುತ್ತದೆ, ಹಾಗಾಗಿ ತಿರುಗುವುದಕ್ಕೆ ಕರೆಂಟು ಮುಟ್ಟಿಸಲು ಕಾರ್ಬನ್ ಬೇಕು. ಇದರಲ್ಲಿ ಸುರುಳಿ ಹೊರಗೆ ಕದಲದೆ ನಿಂತಿದೆ, ಮ್ಯಾಗ್ನೆಟ್ಟು ನಡುವೆ ತಿರುಗುತ್ತದೆ. ಇಎಸ್‌ಸಿ ಅನ್ನುವ ಚಿಕ್ಕ ಪೆಟ್ಟಿಗೆ ಮೂರು ವೈರುಗಳಲ್ಲಿ ಸರದಿಯ ಮೇಲೆ ಕರೆಂಟು ಬಿಡುತ್ತದೆ. ಮೂರರಲ್ಲಿ ಯಾವ ಎರಡನ್ನು ಅದಲುಬದಲು ಮಾಡಿದರೂ ಮೋಟ್ರು ಉಲ್ಟಾ ತಿರುಗುತ್ತದೆ. ಈ ಕೊನೆಯ ಮಾತು ಚಾಚಾನಿಗೆ ಬಹಳ ಹಿಡಿಸಿತು, ಬಾವಿಯ ತ್ರೀ-ಫೇಸ್ ಮೋಟ್ರಿನಲ್ಲಿ ಅವರು ದಿನಾ ಮಾಡುವುದೂ ಅದನ್ನೇ.

ಸರಿ, ‘ಕಾರ್ಬನ್ ಇಲ್ಲದ ಮೋಟ್ರು’ ಎಂದು ಖುಷಿಯಿಂದ ಬರೆದೆ. ಅಲ್ಲಿಂದ ಎರಡು ತೊಡಕು ಎದ್ದವು.

ಮೊದಲನೆಯದನ್ನು ಹಿಡಿದವನು ನನ್ನ ಅಕ್ಕನ ಮಗ. ಕೈಪಿಡಿ ಓದಿ, ‘ಕಾರ್ಬನ್ ಇಲ್ಲದ್ದು ಅಂದ್ರ ಹೊಗಿ ಬಿಡಂಗಿಲ್ಲ ಅಂತಲ್ಲ ಮಾಮಾ? ಇಂಜಿನ್‌ದಾಗ ಕಾರ್ಬನ್ ಕೂಡ್ತಿತ್ತು, ಇದ್ರಾಗ ಕೂಡಂಗಿಲ್ಲ’ ಅಂದ. ಅವನ ತಪ್ಪೇನೂ ಇಲ್ಲ. ಗ್ಯಾರೇಜಿನಲ್ಲಿ ‘ಇಂಜಿನ್ ಕಾರ್ಬನ್ ಹಿಡದದ’ ಅಂದರೆ ಮಸಿ ಕಟ್ಟಿದೆ ಎಂದು. ನಾನು ಇಳಿಸಿಟ್ಟ ನೈಟ್ರೋ ಇಂಜಿನ್ನಿನ ತಲೆಯ ಮೇಲೆಯೂ ಇಂಧನದಲ್ಲಿದ್ದ ಔಡಲ ಎಣ್ಣೆ ಸುಟ್ಟು ಬೆಲ್ಲದ ಪಾಕದ ಬಣ್ಣದ ಪದರ ಕಟ್ಟಿತ್ತು, ಅದನ್ನು ಕೆರೆಯುವಾಗ ನಾನೇ ‘ಕಾರ್ಬನ್ ತೆಗಿಲತ್ತೀನಿ’ ಅಂದಿದ್ದೆ. ಬೇರೆ ಕಡೆ ಈ ಗೊಂದಲ ಬರಲಿಕ್ಕಿಲ್ಲ. ಆದರೆ ಇಂಜಿನ್ ಇಳಿಸಿ ಮೋಟ್ರು ಕೂಡ್ರಿಸುವ ಕೆಲಸದಲ್ಲಿ ಎರಡೂ ಕಾರ್ಬನ್ ಒಂದೇ ಮೇಜಿನ ಮೇಲೆ ಬರುತ್ತವೆ. ಆ ಜಾಗದಲ್ಲಿ ಪದ ಒಡೆದು ಎರಡಾಗಬಾರದು ಅನ್ನುವುದು ನನ್ನ ಹಟ.

ಎರಡನೆಯದನ್ನು ಚಾಚಾ ಎತ್ತಿದರು, ಮತ್ತು ಅದು ಇನ್ನೂ ಆಳದ್ದು. ‘ಕಾರ್ಬನ್ ಇಲ್ಲದ ಮೋಟ್ರು ಅಂತ ಬರದ್ರ ಬಾವಿ ಮೋಟ್ರೂ ಅದ್ರಾಗ ಬರ್ತದಲ್ರಿ. ಮನಿ ಫ್ಯಾನ್ ಬರ್ತದ. ಅವುಕ್ಕೂ ಕಾರ್ಬನ್ ಇಲ್ಲ.’ ಮಾತು ಅಕ್ಷರಶಃ ನಿಜ. ಬಾವಿಯ ಮೋಟ್ರು, ಹಳೆಯ ಸೀಲಿಂಗ್ ಫ್ಯಾನು ಎಲ್ಲ ಇಂಡಕ್ಷನ್ ಜಾತಿಯವು, ಅವಕ್ಕೆ ಎಂದೂ ಬ್ರಷ್ಷು ಇರಲಿಲ್ಲ. ಇಂಗ್ಲಿಷಿನ ಹೆಸರಲ್ಲೂ ಇದೇ ದೋಷ ಇದೆ. ಆದರೆ ಅಲ್ಲಿ ಅದು ರೂಢಿಯಾಗಿ ಹೋಗಿದೆ. ನಾವು ಹೊಸದಾಗಿ ಹೆಸರಿಡುವವರು, ಗೊತ್ತಿದ್ದೂ ಆ ದೋಷವನ್ನು ಏಕೆ ಹೊತ್ತು ತರಬೇಕು?

ಹಾಗಾದರೆ ‘ಬ್ರಷ್‌ಲೆಸ್’ ಎಂದೇ ಇರಲಿ ಅನ್ನಬಹುದು. ಟ್ಯೂಬ್‌ಲೆಸ್ ಟೈರನ್ನು ಪಂಕ್ಚರ್ ಅಂಗಡಿಯವರು ಟ್ಯೂಬ್‌ಲೆಸ್ ಅಂತಲೇ ಅನ್ನುತ್ತಾರೆ, ದ್ರಾಕ್ಷಿ ಮಾರುವವರು ಸೀಡ್‌ಲೆಸ್ ಅನ್ನುತ್ತಾರೆ, ಎಲ್ಲರಿಗೂ ತಿಳಿಯುತ್ತದೆ. ಆದರೆ ಟ್ಯೂಬು ಎಲ್ಲರೂ ಕಂಡದ್ದು, ಬೀಜ ಎಲ್ಲರೂ ಉಗುಳಿದ್ದು. ಮೋಟ್ರಿನ ಬ್ರಷ್ಷನ್ನು ಇಲ್ಲಿ ಬ್ರಷ್ ಎಂದು ಕರೆದವರೇ ಕಡಿಮೆ. ‘ಕಾರ್ಬನ್’ ಗೊತ್ತಿರುವ ಕೈಗೆ ‘ಬ್ರಷ್‌ಲೆಸ್’ ಕೊಟ್ಟರೆ ಅದು ಬರಿ ಸದ್ದು. ಅಂಗಡಿಯಲ್ಲಿ ಹೊಸ ಫ್ಯಾನುಗಳನ್ನು ಬಿಎಲ್‌ಡಿಸಿ (ಬ್ರಷ್‌ಲೆಸ್ ಡಿಸಿ) ಎಂದು ಮಾರುತ್ತಾರೆ. ನಾಲ್ಕು ಅಕ್ಷರ ಹೇಳುವವರು ಬಹಳ ಮಂದಿ, ಅವು ಏನೆಂದು ಬಲ್ಲವರನ್ನು ನಾನು ಇನ್ನೂ ಅಲ್ಲಿ ಕಂಡಿಲ್ಲ.

ಇಲ್ಲದ್ದನ್ನು ಬಿಟ್ಟು ಇರುವುದನ್ನು ಹಿಡಿದು ಹೆಸರಿಟ್ಟರೆ ಹೇಗೆ? ತಿರುಗುವುದು ಮ್ಯಾಗ್ನೆಟ್ಟು. ಅದಕ್ಕೆ ಪಠ್ಯಪುಸ್ತಕದಲ್ಲಿ ಅಯಸ್ಕಾಂತ ಇದೆ, ನಮ್ಮ ಕಡೆ ಚುಂಬಕ ಅನ್ನುವವರೂ ಇದ್ದಾರೆ, ಹಳೆಯ ಕನ್ನಡದ ಸೊಗಸಾದ ‘ಸೂಜಿಗಲ್ಲು’ ಇದೆ. ‘ಸೂಜಿಗಲ್ಲು ತಿರುಗುವ ಮೋಟ್ರು’ ಎಂದರೆ ಒಳಗೆ ಸೂಜಿಗಲ್ಲೇ ಇಲ್ಲದ ಬಾವಿ ಮೋಟ್ರು ಹೊರಗುಳಿಯುತ್ತದೆ, ಆಟಿಗೆಯ ಚಿಕ್ಕ ಮೋಟ್ರೂ ಹೊರಗುಳಿಯುತ್ತದೆ, ಏಕೆಂದರೆ ಅದರಲ್ಲಿ ಸೂಜಿಗಲ್ಲು ಇದ್ದರೂ ತಿರುಗುವುದಿಲ್ಲ. ನನ್ನ ಒಲವು ಈ ಕಡೆಗೆ. ಕೊರತೆ ಎಂದರೆ ಉದ್ದ ಆಯಿತು. ಇದನ್ನು ಒಂದೇ ಪದಕ್ಕೆ ಇಳಿಸಲು ನನ್ನಿಂದ ಆಗಲಿಲ್ಲ. ಸಮಾಸ ಮಾಡಬಲ್ಲವರು ನೋಡಬೇಕು.

ಇನ್ನು ಕೆವಿ.

ನನ್ನ ಮೋಟ್ರಿನ ಮೇಲೆ 2200 ಕೆವಿ ಎಂದಿದೆ. ಜೀವಮಾನವೆಲ್ಲ ಲೈನ್‌ಮನ್ ಕೆಲಸ ಮಾಡಿ ನಿವೃತ್ತರಾದ ನಮ್ಮ ದೊಡ್ಡಪ್ಪ ಅದನ್ನು ಓದಿ ಕೈ ಹಿಂದಕ್ಕೆ ತೆಗೆದುಕೊಂಡರು. ಅವರಿಗೆ ಕೆವಿ ಅಂದರೆ ಕಿಲೋವೋಲ್ಟು. ರಾಯಚೂರು–ಸೊಲ್ಲಾಪುರದ ದೊಡ್ಡ ಲೈನೇ 765 ಕೆವಿ, ಅಂಗೈಯೊಳಗಿನ ಮೋಟ್ರಿಗೆ ಇಪ್ಪತ್ತೆರಡು ಲಕ್ಷ ವೋಲ್ಟೇ ಎಂದು ಅವರು ಬೆಚ್ಚಿದ್ದರಲ್ಲಿ ಏನೂ ತಪ್ಪಿಲ್ಲ. ಇಲ್ಲಿ ಕೆವಿ ಅಂದರೆ ಭಾರವಿಲ್ಲದೆ ತಿರುಗುವಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. ನಾಲ್ಕು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ 14.8 ವೋಲ್ಟು, 2200ರಿಂದ ಗುಣಿಸಿದರೆ 32,560 ಸುತ್ತು. ಹಳೆಯ ನೈಟ್ರೋ ಇಂಜಿನ್ನೂ ಹೆಚ್ಚುಕಡಿಮೆ ಅಷ್ಟೇ ಸುತ್ತುತ್ತಿತ್ತು, ಅದಕ್ಕೇ ಹಳೆಯ ಗೇರುಗಳ ಲೆಕ್ಕ ಬಹಳ ಕೆಡಲಿಲ್ಲ. ರೋಮನ್ ಲಿಪಿಯಲ್ಲಿ ಎರಡಕ್ಕೂ ಬೇರೆ ಗುರುತಿದೆ: ಕಿಲೋವೋಲ್ಟಿಗೆ ಚಿಕ್ಕ ಕೆ ದೊಡ್ಡ ವಿ, ಮೋಟ್ರಿನದಕ್ಕೆ ದೊಡ್ಡ ಕೆ, ಅದರ ಬುಡದಲ್ಲಿ ಚಿಕ್ಕ ವಿ. ನಮ್ಮ ಲಿಪಿಯಲ್ಲಿ ಚಿಕ್ಕದು ದೊಡ್ಡದು ಇಲ್ಲ. ಕನ್ನಡದಲ್ಲಿ ಬರೆದ ಕೂಡಲೇ ಎರಡೂ ಒಂದೇ ಆಗುತ್ತವೆ. ಹಾಗಾಗಿ ಇಲ್ಲಿ ಇಂಗ್ಲಿಷಿನ ಅಕ್ಷರವನ್ನೇ ಇಟ್ಟುಕೊಳ್ಳುವ ದಾರಿ ಮುಚ್ಚಿದೆ.

‘ವೋಲ್ಟಿಗೆ 2200 ಸುತ್ತಿನ ಮೋಟ್ರು’ ಎಂದು ಬರೆದೆ. ಅದಕ್ಕೂ ಚಾಚಾ ತಲೆ ಅಲ್ಲಾಡಿಸಿದರು. ವೈಂಡಿಂಗ್‌ನವರಿಗೆ ಸುತ್ತು ಅಂದರೆ ತಾಮ್ರದ ತಂತಿಯ ಸುತ್ತು. ಕಾರ್ಬನ್ ಇರುವ ರಿಮೋಟ್ ಗಾಡಿಯ ಮೋಟ್ರುಗಳನ್ನು ಗುರುತಿಸುವುದೇ 12 ಸುತ್ತು, 27 ಸುತ್ತು ಎಂದು ತಂತಿಯ ಲೆಕ್ಕದಲ್ಲಿ. ಅಲ್ಲಿ ಸುತ್ತು ಹೆಚ್ಚಿದಷ್ಟೂ ಮೋಟ್ರು ನಿಧಾನ, ಇಲ್ಲಿ ಸುತ್ತು ಹೆಚ್ಚಿದಷ್ಟೂ ಜೋರು. ಒಂದೇ ಪದ ಎರಡು ದಿಕ್ಕಿಗೆ ಎಳೆಯುತ್ತದೆ. ಸದ್ಯಕ್ಕೆ ತಂತಿಗೆ ‘ಸುತ್ತು’, ದಂಡ ತಿರುಗುವುದಕ್ಕೆ ‘ಗಿರಕಿ’ ಎಂದು ಬೇರೆ ಮಾಡಿದ್ದೇನೆ. ‘ವೋಲ್ಟಿಗೆ 2200 ಗಿರಕಿ.’ ಹುಡುಗರು ಒಮ್ಮೆಗೇ ಹಿಡಿದರು; ಬುಗುರಿ ಆಡಿಸಿದವರಿಗೆ ಗಿರಕಿ ಹೇಳಿಕೊಡಬೇಕಾಗಿಲ್ಲ. ಇದು ಕಲಬುರಗಿ ಆಚೆ, ಮೈಸೂರು ಮಂಗಳೂರಿನ ಓದುಗರಿಗೆ ಹಗುರ ಅನ್ನಿಸುತ್ತದೆಯೇ? ತಾಂತ್ರಿಕ ಬರಹದಲ್ಲಿ ನಿಲ್ಲುತ್ತದೆಯೇ?

ಬೀದರ್, ಯಾದಗಿರಿ ಕಡೆಯವರಿಗೂ, ದಕ್ಷಿಣದವರಿಗೂ ಒಂದು ಕೋರಿಕೆ. ನಿಮ್ಮೂರ ವೈಂಡಿಂಗ್ ಅಂಗಡಿಯಲ್ಲಿ ಕಾರ್ಬನ್ನಿಗೆ ಬೇರೆ ಹೆಸರು ಇದೆಯೇ, ಬ್ರಷ್‌ಲೆಸ್ ಮೋಟ್ರು ರಿಪೇರಿಗೆ ಬಂದರೆ ಏನನ್ನುತ್ತಾರೆ, ಕೇಳಿ ಬರೆಯಿರಿ. ಕೇಳುವಾಗ ನೀವಾಗಿ ಹೆಸರು ಹೇಳಬೇಡಿ. ಹೇಳಿದರೆ ಅವರೂ ಅದನ್ನೇ ಅಂದುಬಿಡುತ್ತಾರೆ. ಮೋಟ್ರನ್ನು ಸುಮ್ಮನೆ ಕೈಗೆ ಕೊಟ್ಟು, ‘ಇದಕ್ಕೇನಂತೀರಿ?’ ಎಂದಷ್ಟೇ ಕೇಳಿ.