ನಾಗರಿಕ ವಿಜ್ಞಾನ ಸಮ್ಮೇಳನಕ್ಕೆ ಗುಂಪು ಚರ್ಚೆಯ ಪ್ರಸ್ತಾವನೆ: ಪ್ರಶ್ನೋತ್ತರ

ಪ್ರಶ್ನೆ – ದಾಂಡೇಲಿ ಕಡೆಯ ಹಕ್ಕಿ ವೀಕ್ಷಕರ ಬಳಗ

ನಾಗರಿಕ ವಿಜ್ಞಾನ (ಸಾಮಾನ್ಯ ಜನರೂ ದತ್ತಾಂಶ ಕಲೆಹಾಕುವ ವಿಜ್ಞಾನ) ಸಮ್ಮೇಳನವೊಂದಕ್ಕೆ ಗುಂಪು ಚರ್ಚೆಯ ಗೋಷ್ಠಿ ಕಳಿಸಬೇಕೆಂದಿದ್ದೇವೆ. ಅವಧಿ 75 ನಿಮಿಷ, ವಿವರಣೆಗೆ 250 ಪದಗಳ ಮಿತಿ. ವಿಷಯ ‘ನಾಗರಿಕ ವಿಜ್ಞಾನದಲ್ಲಿ ದತ್ತಾಂಶ ಹಂಚಿಕೆಯ ಸವಾಲುಗಳು’ ಎಂದಿಟ್ಟಿದ್ದೇವೆ. ಐವರು ತಜ್ಞರು ತಲಾ ಹತ್ತು ನಿಮಿಷ ಮಾತಾಡಿ, ಕೊನೆಗೆ ಸಭಿಕರ ಪ್ರಶ್ನೆಗಳಿಗೆ ಉತ್ತರಿಸುವ ಯೋಜನೆ. ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಗೂಡಿನ ಜಾಗಗಳು ಹಕ್ಕಿ ದಾಖಲಿಸುವ ಆ್ಯಪ್‌ಗಳ ಮೂಲಕ ಬಯಲಾಗುತ್ತವೆ ಎಂಬುದೇ ನಮ್ಮ ಮುಖ್ಯ ಚಿಂತೆ. ಕರಡು ಹೀಗಿದ್ದರೆ ಸಾಕೇ?

ಉತ್ತರ – ಗೋಷ್ಠಿಗಳನ್ನು ರೂಪಿಸುವ, ನಡೆಸುವ ಕೆಲಸದವರು

ಸಾಲದು. ನೀವು ಬರೆದಿರುವುದು ಗುಂಪು ಚರ್ಚೆಯಲ್ಲ, ಉಪನ್ಯಾಸಮಾಲೆ. ಐದು ಹತ್ತಲಿ ಐವತ್ತು. ಸ್ವಾಗತ, ಪರಿಚಯ, ಪ್ರೊಜೆಕ್ಟರ್ ಜತೆಗಿನ ಗುದ್ದಾಟ ಸೇರಿ ಇನ್ನೊಂದು ಹತ್ತು. ಒಬ್ಬರಾದರೂ ಐದು ನಿಮಿಷ ಹೆಚ್ಚು ಮಾತಾಡುತ್ತಾರೆ. ಸಭಿಕರಿಗೆ ಉಳಿಯುವುದು ಹತ್ತು ನಿಮಿಷ, ಅಂದರೆ ಮೂರು ಪ್ರಶ್ನೆ. ಪ್ರಸ್ತಾವನೆಯ ಪರಿಶೀಲಕರು ಈ ಲೆಕ್ಕವನ್ನು ಪೆನ್ನು ಹಿಡಿಯದೆ ಮಾಡುತ್ತಾರೆ. ಮಾತೇ ಮುಖ್ಯವಾಗಿದ್ದರೆ ಉಪನ್ಯಾಸ ಗೋಷ್ಠಿಯೆಂದೇ ಅರ್ಜಿ ಹಾಕಿ. ಕೌಶಲ ಕಲಿಸುವುದಾದರೆ ಅದು ಕಾರ್ಯಾಗಾರ. ಬಂದವರ ಅನುಭವವಿಲ್ಲದೆ ಉತ್ತರವೇ ಹುಟ್ಟದ ಪ್ರಶ್ನೆಯಿದ್ದರೆ ಮಾತ್ರ ಗುಂಪು ಚರ್ಚೆ.

ಅಂಥ ಪ್ರಶ್ನೆ ನಿಮ್ಮಲ್ಲಿದೆ, ಆದರೆ ಕೊನೆಯ ಸಾಲಿನಲ್ಲಿ ಅಡಗಿ ಕೂತಿದೆ. ‘ಸವಾಲುಗಳು’ ಎಂಬ ಶೀರ್ಷಿಕೆಯಡಿ ಏನನ್ನೂ ಹೇಳಬಹುದು, ಯಾವುದನ್ನೂ ತೀರ್ಮಾನಿಸಲಾಗದು. ಬದಲಿಗೆ ‘ಗೂಡಿನ ಜಾಗ ಯಾರಿಗೆ, ಎಷ್ಟು ನಿಖರವಾಗಿ, ಯಾವಾಗ ತಿಳಿಯಬೇಕು?’ ಎಂದು ಕೇಳಿ. ಮಂಗಟ್ಟೆಯ ಉದಾಹರಣೆ ಇಲ್ಲಿ ಬಲವಾಗಿ ನಿಲ್ಲುತ್ತದೆ. ಅದು ಒಂದೇ ಪೊಟರೆಗೆ ವರ್ಷವರ್ಷವೂ ಮರಳುವ ಹಕ್ಕಿ. ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗಿರುತ್ತದೆ, ಗಂಡು ಸೀಳಿನ ಮೂಲಕ ಉಣಿಸುತ್ತದೆ. ಮರದಡಿ ಕ್ಯಾಮರಾಗಳ ಸಾಲು ನಿಂತರೆ ಗಂಡು ಹತ್ತಿರ ಬರಲು ಹಿಂಜರಿಯುತ್ತದೆ, ಒಳಗಿನವು ಉಪವಾಸ. ಹಾಗಾಗಿ ಒಮ್ಮೆ ಬಯಲಾದ ಜಾಗ ಮುಂದಿನ ವರ್ಷಗಳಿಗೂ ಬಯಲಾದಂತೆಯೇ. ಆದರೆ ಮರ ಕಡಿಯುವುದನ್ನೋ ರಸ್ತೆ ಬರುವುದನ್ನೋ ತಡೆಯಬೇಕಾದಾಗ ಇದೇ ನಿಖರ ಜಾಗ ಆಧಾರವಾಗುತ್ತದೆ. ಎರಡೂ ಕಡೆ ನ್ಯಾಯವಿರುವುದರಿಂದಲೇ ಇದು ಚರ್ಚೆಗೆ ಯೋಗ್ಯ.

75 ನಿಮಿಷವನ್ನು ಹೀಗೆ ಹಂಚಿ: ಉದ್ದೇಶ ಹೇಳಿ ಮೇಜುಗಳಿಗೆ ಕೂರಿಸಲು 5, ಇಬ್ಬರ ಪೀಠಿಕೆ ತಲಾ 5ರಂತೆ 10, ಮೇಜುಗಳಲ್ಲಿ ಚರ್ಚೆ 25, ಐದು ಮೇಜುಗಳ ವರದಿ ಮತ್ತು ಪ್ರತಿಕ್ರಿಯೆ 20, ಒಪ್ಪಿದ್ದು–ಒಪ್ಪದ್ದು ಗುರುತಿಸಲು 10, ಮುಂದಿನ ಕೆಲಸ ಯಾರದೆಂದು ಬರೆದಿಡಲು 5. ಮೇಜಿಗೆ ಏಳು ಜನ, ಒಟ್ಟು 35. ಏಳಕ್ಕಿಂತ ಹೆಚ್ಚಾದರೆ ಒಂದೇ ಮೇಜಿನಲ್ಲಿ ಎರಡು ಮಾತು ಶುರುವಾಗುತ್ತದೆ. ಪ್ರತಿ ಮೇಜಿಗೂ ಒಬ್ಬ ನಿರ್ವಾಹಕ, ಬೇರೆಯೇ ಒಬ್ಬ ಬರಹಗಾರ ಬೇಕು. ಒಬ್ಬರೇ ಎರಡನ್ನೂ ಮಾಡಿದರೆ ಬರಹ ಸೋಲುತ್ತದೆ. ನಿರ್ವಾಹಕರ ಹೆಸರುಗಳನ್ನು ಪ್ರಸ್ತಾವನೆಯಲ್ಲೇ ಕೊಡಿ. ‘ಆಮೇಲೆ ನಿಗದಿಪಡಿಸುತ್ತೇವೆ’ ಎಂಬ ಸಾಲು ಕಂಡರೆ ಅಂಕ ಕಡಿಮೆಯಾಗುವುದು ಖಚಿತ.

ಮರುಪ್ರಶ್ನೆ – ಅದೇ ಬಳಗ

ಮೇಜಿನಲ್ಲಿ 25 ನಿಮಿಷ ಏನು ಮಾಡಿಸುವುದು? ‘ಚರ್ಚಿಸಿ’ ಎಂದರೆ ಎಲ್ಲರೂ ಮುಖ ಮುಖ ನೋಡುವುದಿಲ್ಲವೇ?

ಉತ್ತರ – ಮೊದಲಿನವರೇ

ನೋಡುತ್ತಾರೆ. ಅದಕ್ಕೇ ಸಂದರ್ಭದ ಚೀಟಿ ಬೇಕು. ಒಂದು ಚೀಟಿಯಲ್ಲಿ ನಾಲ್ಕೇ ಸಾಲಿನ ಸನ್ನಿವೇಶ. ಉದಾಹರಣೆಗೆ: ‘ಸ್ವಯಂಸೇವಕಿಯೊಬ್ಬರು ಮಾರ್ಚ್‌ನಲ್ಲಿ ಗೂಡು ಕಂಡರು. ಮರ ಖಾಸಗಿ ತೋಟದಲ್ಲಿದೆ. ಮಾಲೀಕರಿಗೆ ವಿಷಯ ಗೊತ್ತಿಲ್ಲ. ಸಂಶೋಧಕರೊಬ್ಬರು ನಿಖರ ಜಾಗ ಕೇಳುತ್ತಿದ್ದಾರೆ.’ ಕೆಳಗೆ ಒಂದೇ ಪ್ರಶ್ನೆ: ಏನು ದಾಖಲಿಸಬೇಕು, ಯಾರಿಗೆ ತೋರಿಸಬೇಕು? ಮೊದಲ 3 ನಿಮಿಷ ಮೌನವಾಗಿ ತಂತಮ್ಮ ಉತ್ತರ ಬರೆಯಲಿ, ಆಮೇಲೆ ಮಾತು. ಮೇಜಿಗೆ ಎರಡು ಸಂದರ್ಭ ಸಾಕು, ಮೂರನೆಯದು ಯಾವತ್ತೂ ಮುಗಿಯುವುದಿಲ್ಲ.

ಒಂದು ಎಚ್ಚರಿಕೆ: ಚೀಟಿಯಲ್ಲಿ ನಿಜವಾದ ಗೂಡಿನ ಊರು, ಫೋಟೊ, ನಕ್ಷೆ ಯಾವುದೂ ಬೇಡ. ಜಾಗ ಮುಚ್ಚಿಡುವುದರ ಬಗೆಗಿನ ಗೋಷ್ಠಿಯ ಸ್ಲೈಡಿನಲ್ಲೇ ಜಾಗ ಬಯಲಾಗುವುದು ನಗೆಪಾಟಲು.

ಉತ್ತರ – ಜೀವವೈವಿಧ್ಯ ದತ್ತಾಂಶ ನಿರ್ವಹಣೆಯವರು

ಪೀಠಿಕೆಯ ಹತ್ತು ನಿಮಿಷದಲ್ಲಿ ಆ್ಯಪ್‌ಗಳು ಈಗಾಗಲೇ ಏನು ಮಾಡುತ್ತವೆ ಎಂಬುದನ್ನು ಹೇಳಲೇಬೇಕು. ಇಲ್ಲದಿದ್ದರೆ ಅರ್ಧ ಸಮಯ ತಪ್ಪು ತಿಳಿವಳಿಕೆಗಳಿಗೇ ಹೋಗುತ್ತದೆ.

ಎಲ್ಲ ಬಗೆಯ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಲ್ಲಿ ದಾಖಲೆಯ ಜಾಗಕ್ಕೆ ಮೂರು ಆಯ್ಕೆಗಳಿವೆ: ಬಹಿರಂಗ, ಮಸುಕು, ಖಾಸಗಿ. ಮಸುಕು ಮಾಡಿದರೆ ಜಾಗದ ಗುರುತು 0.2 ಡಿಗ್ರಿ ಅಗಲ, 0.2 ಡಿಗ್ರಿ ಉದ್ದದ ಚೌಕದೊಳಗೆ ಎಲ್ಲೋ ಒಂದು ಕಡೆ ಬೀಳುತ್ತದೆ. ನಮ್ಮ ಅಕ್ಷಾಂಶದಲ್ಲಿ ಚೌಕದ ಬದಿ ಸುಮಾರು 22 ಕಿ.ಮೀ. ಅಪಾಯದಲ್ಲಿರುವ ಹಲವು ಪ್ರಭೇದಗಳಿಗೆ ಇದು ತಾನಾಗಿಯೇ ಅನ್ವಯವಾಗುತ್ತದೆ. ಹಕ್ಕಿಗಳನ್ನಷ್ಟೇ ದಾಖಲಿಸುವ ಇಬರ್ಡ್ ಹಾಗಲ್ಲ. ಅಲ್ಲಿ ಸೂಕ್ಷ್ಮ ಪ್ರಭೇದಗಳ ಪಟ್ಟಿಯನ್ನು ಇಬರ್ಡ್‌ನವರೇ ಇಟ್ಟುಕೊಂಡಿದ್ದಾರೆ. ಅದರಲ್ಲಿಲ್ಲದ ಹಕ್ಕಿಯೊಂದನ್ನಷ್ಟೇ ಬಿಡಿಯಾಗಿ ಬಳಕೆದಾರರು ಮುಚ್ಚಿಡಲಾಗದು. ತಾವು ಕಂಡ ಹಕ್ಕಿಗಳ ಇಡೀ ಪಟ್ಟಿಯನ್ನು ಸಾರ್ವಜನಿಕ ನೋಟದಿಂದ ಮರೆಮಾಡಬಹುದು, ಇಲ್ಲವೇ ಗೂಡಿನ ಕಾಲ ಕಳೆದ ಮೇಲೆ ಸಲ್ಲಿಸಬಹುದು.

ಸೋರಿಕೆ ಆಗುವುದು ಹೆಚ್ಚಾಗಿ ಬೇರೆಡೆ. ಮಂಗಟ್ಟೆಯ ಜಾಗ ಮಸುಕು ಮಾಡಿ, ಅದೇ ಬೆಳಿಗ್ಗೆ ಅದೇ ಮರದಡಿ ಕಂಡ ಚಿಟ್ಟೆಯನ್ನು ಬಹಿರಂಗವಾಗಿ ಹಾಕಿದರೆ ಎರಡನ್ನೂ ಜೋಡಿಸುವುದು ಮಕ್ಕಳಾಟ. ಐನ್ಯಾಚುರಲಿಸ್ಟ್ ಮಸುಕಾದ ದಾಖಲೆಯ ದಿನಾಂಕವನ್ನೂ ಮರೆಮಾಡಿ ತಿಂಗಳಷ್ಟೇ ತೋರಿಸುವುದು ಇದಕ್ಕೇ. ಇನ್ನೊಂದು ದಾರಿ ವಾಟ್ಸ್ಯಾಪ್. ಫೋಟೊವನ್ನು ಮಾಮೂಲಾಗಿ ಕಳಿಸಿದರೆ ಅದರೊಳಗಿನ ಜಾಗದ ಮಾಹಿತಿ ಉದುರಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಇವೆರಡನ್ನೂ ಸಂದರ್ಭದ ಚೀಟಿಗೆ ಹಾಕಿ, ಚರ್ಚೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಭಿನ್ನಾಭಿಪ್ರಾಯ – ಸಮುದಾಯ ತರಬೇತಿಯವರು

ಇಬ್ಬರ ಪೀಠಿಕೆಗೆ ನನ್ನ ಒಪ್ಪಿಗೆಯಿಲ್ಲ. ಐದು ನಿಮಿಷ ಎಂದವರು ಎಂಟಕ್ಕೆ ನಿಲ್ಲಿಸುತ್ತಾರೆ, ಜತೆಗೆ ಕೋಣೆಯಲ್ಲಿ ‘ಬಲ್ಲವರು’ ಯಾರೆಂದು ಮೊದಲೇ ತೀರ್ಮಾನವಾಗಿಬಿಡುತ್ತದೆ. ಆ್ಯಪ್‌ಗಳ ವಿವರವನ್ನು ಒಂದು ಪುಟದಲ್ಲಿ ಅಚ್ಚುಹಾಕಿ ಮೇಜಿನ ಮೇಲಿಡಿ. ಗೂಡು ಮೊದಲು ಕಾಣುವವರು ಅರಣ್ಯ ವಾಚರ್‌ಗಳು, ಜೇನು ಕೀಳುವವರು, ತೋಟದವರು. ಅವರಿಲ್ಲದೆ ಈ ಚರ್ಚೆಯೇ ಪೊಳ್ಳು.

ಅವರನ್ನು ಕರೆಯುವುದಾದರೆ ಮೂರು ಸಂಗತಿ ಪ್ರಸ್ತಾವನೆಯಲ್ಲಿರಲಿ. ಪ್ರಯಾಣ, ವಸತಿ ಮತ್ತು ತಪ್ಪಿದ ದಿನಗೂಲಿಯ ವೆಚ್ಚ ಯಾರದು? ನೋಂದಣಿ ಶುಲ್ಕಕ್ಕೆ ವಿನಾಯಿತಿ ಇದೆಯೇ? ಕನ್ನಡದ ಮೇಜು ಎಷ್ಟು? ಸಮ್ಮೇಳನ ಇಂಗ್ಲಿಷಿನಲ್ಲಿ ನಡೆದರೂ ಐದರಲ್ಲಿ ಎರಡು ಮೇಜು ಕನ್ನಡದವಾಗಬಹುದು, ವರದಿಯನ್ನಷ್ಟೇ ಯಾರಾದರೂ ಅನುವಾದಿಸಲಿ. ಪ್ರತಿ ಮಾತನ್ನೂ ಆಗಾಗಲೇ ಅನುವಾದಿಸಲು ಹೊರಟರೆ ಸಮಯ ದುಪ್ಪಟ್ಟಾಗುತ್ತದೆ. ವಾಚರ್ ಮತ್ತು ಅವರ ಮೇಲಧಿಕಾರಿಯನ್ನು ಒಂದೇ ಮೇಜಿಗೆ ಕೂರಿಸಬೇಡಿ. ಬರಹಗಾರರು ಯಾರು ಏನೆಂದರು ಎಂದು ಬರೆಯಬಾರದು, ಏನು ಹೇಳಲಾಯಿತು ಎಂದಷ್ಟೇ ಬರೆಯಲಿ. ಓದಲು ಬಾರದವರಿದ್ದರೆ ಆ ಮೌನದ 3 ನಿಮಿಷವನ್ನು ಇಬ್ಬಿಬ್ಬರ ಪಿಸುಮಾತಿಗೆ ಬದಲಿಸಿ.

ಉತ್ತರ – ಮೊದಲಿನವರು

ಅಚ್ಚಾದ ಪುಟದ ಸಲಹೆ ಒಳ್ಳೆಯದು, ಒಪ್ಪಿದೆ. ಆದರೂ ಒಬ್ಬರ 5 ನಿಮಿಷದ ಮಾತು ಇರಲಿ, ತಡವಾಗಿ ಬಂದವರು ಪುಟ ಓದುವುದಿಲ್ಲ. ಉಳಿದ 5 ನಿಮಿಷ ಮೇಜಿನ ಚರ್ಚೆಗೆ ಹೋಗಲಿ.

ಮರುಪ್ರಶ್ನೆ – ಬಳಗದ ಇನ್ನೊಬ್ಬರು

ಪ್ರಸ್ತಾವನೆಯ ಭಾಷೆ ಹೇಗಿರಬೇಕು? ಒಂದು ಮಾದರಿ ಸಿಗಬಹುದೇ? ಆನ್‌ಲೈನ್‌ನವರನ್ನೂ ಸೇರಿಸಿಕೊಳ್ಳಿ ಅಂದಿದ್ದಾರೆ.

ಉತ್ತರ – ಮೊದಲಿನವರು

ಮಾದರಿ ಇಲ್ಲಿದೆ. ನಿಮ್ಮ ಸಂಗತಿಗಳಿಗೆ ತಕ್ಕಂತೆ ತಿದ್ದಿಕೊಳ್ಳಿ:

‘ಗೂಡಿನ ಜಾಗ ಯಾರಿಗೆ ತಿಳಿಯಬೇಕು? ಸೂಕ್ಷ್ಮ ದಾಖಲೆಗಳಿಗೆ ಬಳಗಗಳೇ ರೂಪಿಸುವ ನಿಯಮ. ಆ್ಯಪ್‌ಗಳು ಕೆಲವು ಪ್ರಭೇದಗಳ ಜಾಗವನ್ನು ಮಸುಕಾಗಿಸುತ್ತವೆ, ಆದರೆ ಸ್ಥಳೀಯ ಬಳಗದೊಳಗೆ ಹಂಚುವ ಮಾಹಿತಿಗೆ ನಿಯಮವಿಲ್ಲ. ಈ ಗೋಷ್ಠಿಯಲ್ಲಿ 35 ಜನ ಐದು ಮೇಜುಗಳಲ್ಲಿ ಎರಡೆರಡು ಸಂದರ್ಭಗಳನ್ನು ಚರ್ಚಿಸಿ, ಏನು, ಯಾವಾಗ, ಯಾರಿಗೆ ತೋರಿಸಬೇಕೆಂದು ತೀರ್ಮಾನಿಸುತ್ತಾರೆ. ವೀಕ್ಷಕರು, ಅರಣ್ಯ ಸಿಬ್ಬಂದಿ, ತೋಟದ ಮಾಲೀಕರು, ದತ್ತಾಂಶ ಬಳಸುವ ಸಂಶೋಧಕರು ಭಾಗವಹಿಸಬೇಕೆಂಬುದು ಅಪೇಕ್ಷೆ. ಒಮ್ಮತವಾದ ಮತ್ತು ಆಗದ ಅಂಶಗಳೆರಡನ್ನೂ ಒಳಗೊಂಡ ಎರಡು ಪುಟದ ಕರಡು ನಿಯಮಾವಳಿ ನಾಲ್ಕು ವಾರದೊಳಗೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ.’

ಇದರ ಕೆಳಗೆ ಸಮಯದ ಪಟ್ಟಿ, ನಿರ್ವಾಹಕರ ಹೆಸರು, ಕೋಣೆಯ ಅಗತ್ಯ ಬರೆಯಿರಿ. ‘ಜಾಗೃತಿ ಮೂಡುತ್ತದೆ’ ಎಂಬುದನ್ನು ಫಲಿತಾಂಶವೆಂದು ಯಾರೂ ಒಪ್ಪುವುದಿಲ್ಲ. ಕೈಗೆ ಸಿಗುವ ಕಾಗದ, ಅದರ ದಿನಾಂಕ, ಬರೆಯುವವರ ಹೆಸರು ಇರಲಿ.

ಕೋಣೆಯ ವಿಷಯದಲ್ಲಿ ಸಂಕೋಚ ಬೇಡ. ‘ಅಲುಗಾಡಿಸಬಹುದಾದ ಕುರ್ಚಿ, ಐದು ಮೇಜು, ಗೋಡೆಗೆ ಹಾಳೆ ಅಂಟಿಸಲು ಅನುಮತಿ’ ಎಂದು ಬರೆಯಿರಿ. ಬರೆಯದಿದ್ದರೆ ಮೆಟ್ಟಿಲುಮೆಟ್ಟಿಲಾಗಿ ಆಸನ ಜಡಿದ ಸಭಾಂಗಣ ಸಿಕ್ಕೀತು. ಅಲ್ಲಿ ಒಂದು ಸಾಲಿನ ನಾಲ್ವರು ಹಿಂದಿನ ಸಾಲಿನ ಮೂವರ ಕಡೆ ತಿರುಗಿ ಕೂರುವುದಷ್ಟೇ ಉಪಾಯ.

ಆನ್‌ಲೈನ್‌ನವರನ್ನು ಮೇಜುಗಳಿಗೆ ಹಂಚಬೇಡಿ. ಗದ್ದಲದಲ್ಲಿ ಅವರಿಗೆ ಏನೂ ಕೇಳಿಸದು. ಅವರದೇ ಆರನೆಯ ಗುಂಪು ಮಾಡಿ, ಐದಾರು ಜನ, ನಿರ್ವಾಹಕರೂ ಆನ್‌ಲೈನ್‌ನಲ್ಲೇ ಇರಲಿ. ಬರೆಯುವ ಹಾಳೆಯ ಲಿಂಕನ್ನು ಹಿಂದಿನ ದಿನವೇ ಕಳಿಸಿ, ತೆರೆಯುತ್ತದೆಯೇ ಎಂದು ಹೊರಗಿನ ಖಾತೆಯೊಂದರಿಂದ ಪರೀಕ್ಷಿಸಿ. ‘ಅನುಮತಿ ಕೋರಿ’ ಎಂಬ ಪರದೆ ಬಂದರೆ ಐದು ನಿಮಿಷ ಹೋಯಿತು. ಗುಂಪು ಆರಾದಾಗ ವರದಿ ತಲಾ ಎರಡೂವರೆ ನಿಮಿಷ. ಮಾಡಿದ್ದೆಲ್ಲ ಹೇಳದೆ, ಒಪ್ಪಿದ್ದೊಂದು, ಜಗಳವಾಡಿದ್ದೊಂದು ಹೇಳಲಿ. ಜಗಳದ್ದನ್ನು ಮೊದಲು ಹೇಳಿಸಿ. ಒಪ್ಪಿದ್ದು ಹೇಗೂ ಹಾಳೆಯಲ್ಲಿರುತ್ತದೆ.

ಮರುಪ್ರಶ್ನೆ – ಅದೇ ಬಳಗ

35 ಜನ ಎಂದು ಬರೆದು 12 ಜನ ಬಂದರೆ?

ಉತ್ತರ – ಸಮುದಾಯ ತರಬೇತಿಯವರು

ಎರಡು ಮೇಜು, ತಲಾ ಆರು ಜನ, ಸಂದರ್ಭದ ಚೀಟಿ ಎರಡಕ್ಕೂ ಒಂದೇ. ಒಂದೇ ಸನ್ನಿವೇಶಕ್ಕೆ ಎರಡು ಮೇಜು ಬೇರೆ ಬೇರೆ ಉತ್ತರ ಕೊಡುವುದು ಹೆಚ್ಚು ಉಪಯುಕ್ತ, ವರದಿಯ ಸಮಯವೂ ಉಳಿಯುತ್ತದೆ. 60 ಜನ ಬಂದರೆ ಮಾತ್ರ ಕಷ್ಟ. ಆಗ ಪ್ರತಿ ಮೇಜನ್ನೂ ಆರಾರು ಜನರ ಎರಡು ಗುಂಪಾಗಿ ಒಡೆಯಲು ಮೇಜಿಗೆ ಇಬ್ಬರಂತೆ ಹತ್ತು ಮಂದಿ ನಿರ್ವಾಹಕರನ್ನು ತಯಾರಿಟ್ಟುಕೊಳ್ಳಿ, ಚೀಟಿಗಳನ್ನು ಎರಡು ಪಟ್ಟು ಅಚ್ಚುಹಾಕಿಸಿ.