ಟೇಕಡಿ (ಗುಡ್ಡ) ಮೇಲೆ ಸಸಿ ನೆಡಬೇಕಾ, ಬೇಡವಾ? ಪುಣೆ ಕನ್ನಡಿಗರ ಚರ್ಚೆ

ಸವಿತಾ (ಕೋಥ್ರೂಡ್): ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದ ಕೂಡಲೇ ನಮ್ಮ ಬಳಗದಿಂದ ವೇತಾಳ ಟೇಕಡಿಯಲ್ಲಿ ಸಸಿ ನೆಡೋಣ ಅಂತ ಮಾತಾಗಿದೆ. ದಯವಿಟ್ಟು ಹುಲ್ಲಿರುವ ಕಡೆ ನೆಡುವುದು ಬೇಡ. 2025ರಲ್ಲಿ ದಿಗ್ವಿಜಯ ಪಾಟೀಲ್ ಮತ್ತು ಆಶಿಶ್ ನೆರ್ಲೇಕರ್ ಒಂದು ಸಂಶೋಧನೆ ಪ್ರಕಟಿಸಿದರು. ಪಶ್ಚಿಮ ಮಹಾರಾಷ್ಟ್ರದ ಹಳೆಯ ಮರಾಠಿ ಕಾವ್ಯ, ಹಾಡು, ಕಥೆಗಳಲ್ಲಿ ಬರುವ ಕಾಡುಗಿಡಗಳ ಹೆಸರು ಹುಡುಕಿ ತೆಗೆದರು. ಹೆಚ್ಚಿನವು ಬಿಸಿಲು ಬೀಳುವ ಹುಲ್ಲುಬಯಲಿನ ಗಿಡಗಳು, ಮುಳ್ಳಿನ ಮರಗಳು. ಈ ಬಯಲುಗಳಿಗೆ ಕನಿಷ್ಠ 750 ವರ್ಷ ವಯಸ್ಸು ಎನ್ನುತ್ತಾರೆ ಅವರು. ಕಾಡು ಕಡಿದು ಬೋಳಾದ ನೆಲ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ.

ರಾಘವೇಂದ್ರ (ಪಿಂಪ್ರಿ): ಅಕ್ಕ, ಕವಿಗಳು ಹಾಡಿದ್ದನ್ನು ಸಾಕ್ಷಿ ಅಂತ ಹೇಗೆ ಒಪ್ಪುವುದು? ದೇವರ ಮಹಿಮೆ ಹೇಳುವಾಗ ಇಲ್ಲದ ಗಿಡವನ್ನೂ ಸೇರಿಸಿರಬಹುದು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗಲ್ಲ. ಊರಿಗೆ ನೆರಳು ಬೇಕು. ಮರ ನೆಡಬೇಡಿ ಅನ್ನುವ ಮಾತು ನನಗಂತೂ ಒಪ್ಪಿಗೆಯಾಗಲ್ಲ.

ಪ್ರಭಾಕರ ಜೋಶಿ (ಪಾಷಾಣ್): ರಾಘವೇಂದ್ರ ಅವರೇ, ಮಹಿಮೆ ಹೇಳುವ ಕವಿ ಕೈಗೆ ಸಿಕ್ಕಿದ್ದನ್ನು ಸೇರಿಸುವುದಾದರೆ ಮಾವು, ಚಂದನ, ಪಾರಿಜಾತ ಸೇರಿಸುತ್ತಾನೆ. ಬಿಳಿಜಾಲಿಯಂಥ ಮುಳ್ಳುಮರ ಯಾಕೆ ಬರಬೇಕು? ಅದು ಅವನ ಕಣ್ಣ ಮುಂದೆ ಇತ್ತು, ಅದಕ್ಕೆ. ಕಾವ್ಯ ಬಿಟ್ಟು ನೆಲದೊಳಗಿನದ್ದನ್ನೇ ನೋಡಿ. ಜಳಗಾವ್ ಜಿಲ್ಲೆಯ ಪಾಟಣೆಯಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪು ಸಿಕ್ಕಿದೆ. ಸುಮಾರು 25,000 ವರ್ಷ ಹಳೆಯದು. ಉಷ್ಟ್ರಪಕ್ಷಿ ದಟ್ಟ ಕಾಡಿನಲ್ಲಿ ಬದುಕುವ ಹಕ್ಕಿ ಅಲ್ಲವಲ್ಲ.

ಶಿವಾನಂದ (ತಳೇಗಾಂವ್): ನಮ್ಮ ಊರಿನ ಗಿಡದ ಸುದ್ದಿ ಯಾರೂ ಹೇಳಲೇ ಇಲ್ಲ! 2024ರಲ್ಲಿ ಪುಣೆಯ ಆಘಾರ್‌ಕರ್ ಸಂಶೋಧನಾ ಸಂಸ್ಥೆಯವರು ತಳೇಗಾಂವ್ ದಾಭಾಡೆಯ ಹುಲ್ಲುಗುಡ್ಡದಲ್ಲಿ ಹೊಸ ಗಿಡ ಗುರುತಿಸಿದರು. ಹೆಸರು ಡಿಕ್ಲಿಪ್ಟೆರಾ ಪಾಲಿಮಾರ್ಫಾ. ವರ್ಷಕ್ಕೆ ಎರಡು ಸಲ ಹೂ ಬಿಡುತ್ತದೆ. ಮಳೆಗಾಲ ಮುಗಿದ ಮೇಲೆ ನವೆಂಬರ್‌ನಿಂದ ಒಂದು ಸಲ. ಆಮೇಲೆ ಮೇ, ಜೂನ್‌ನಲ್ಲಿ ಮತ್ತೊಂದು ಸಲ, ಅದೂ ಗುಡ್ಡಕ್ಕೆ ಬೆಂಕಿ ಬಿದ್ದ ಮೇಲೆ. ಮೇಲಿನದೆಲ್ಲ ಸುಟ್ಟು ಕರಿಯಾಗಿರುತ್ತದೆ. ನೆಲದೊಳಗಿನ ಗಟ್ಟಿ ಬೇರುಗಡ್ಡೆಯಿಂದ ಗಿಡ್ಡ ಚಿಗುರು ಎದ್ದು ಅದರ ತುಂಬಾ ಹೂ. ಭಾರತದ ಬೇರೆ ಯಾವ ಡಿಕ್ಲಿಪ್ಟೆರಾದಲ್ಲೂ ಇಂಥ ತೆನೆಯಂಥ ಹೂಗೊಂಚಲು ಇಲ್ಲವಂತೆ, ಹೋಲುವಂಥದ್ದು ಇರುವುದು ಆಫ್ರಿಕಾದಲ್ಲಿ. ಪೇಟೆಗೆ ಇಷ್ಟು ಹತ್ತಿರ, ದಿನಾ ಜನ ಓಡಾಡುವ ಗುಡ್ಡದಲ್ಲಿ ಇದು 2024ರ ತನಕ ಹೆಸರಿಲ್ಲದೇ ಇತ್ತು. ಅಲ್ಲಿ ಸಾಲು ಗುಂಡಿ ತೋಡಿದ್ದರೆ ಅದೂ ಹೋಗುತ್ತಿತ್ತು.

ಮಂಜುಳಾ (ಧನಕವಡಿ): ಹಾಗಂತ ಗುಡ್ಡಕ್ಕೆ ಬೆಂಕಿ ಹಚ್ಚೋದು ಸರಿನಾ, ಶಿವಾನಂದಣ್ಣ? ನೆಲಗುಬ್ಬಿ ಹುಲ್ಲಿನ ಬುಡದಲ್ಲೇ ಗೂಡು ಕಟ್ಟುತ್ತದೆ. ಹಲ್ಲಿ, ಓತಿ ಎಲ್ಲಿಗೆ ಓಡಬೇಕು?

ಶಿವಾನಂದ (ತಳೇಗಾಂವ್): ಸರಿ ಅಂತ ನಾನು ಹೇಳಲ್ಲ, ಮಂಜುಳಾ. ದನದವರು ಹೊಸ ಹುಲ್ಲು ಬರಲಿ ಅಂತ ಒಂದೊಂದು ಭಾಗ ಸುಡುವುದು ಬೇರೆ. ಯಾರೋ ಬೀಡಿ ಎಸೆದು ಇಡೀ ಗುಡ್ಡ ವರ್ಷವರ್ಷವೂ ಉರಿಯುವುದು ಬೇರೆ. ಬೆಂಕಿ ತೀರಾ ಜಾಸ್ತಿಯಾದರೂ ಗಿಡ ಹೋಗುತ್ತದೆ, ಪೂರ್ತಿ ನಿಂತರೂ ಅದರ ಎರಡನೇ ಹೂವಿಗೆ ಕುತ್ತು. ಎಲ್ಲಿ, ಎಷ್ಟು ಅಂತ ಅಧ್ಯಯನ ಮಾಡಿದವರು ಹೇಳಬೇಕು. ನಾವು ಕಡ್ಡಿ ಗೀರುವ ಕೆಲಸವಲ್ಲ.

ರಾಘವೇಂದ್ರ (ಪಿಂಪ್ರಿ): ಸರಿ, ಆದರೆ ಆ 750 ವರ್ಷದ ಲೆಕ್ಕ ಇಡೀ ಪಶ್ಚಿಮ ಮಹಾರಾಷ್ಟ್ರದ್ದು. ಸಾತಾರಾ ಜಿಲ್ಲೆಯ ಶಿಖರ ಶಿಂಗಣಾಪುರದ ಕಡೆ ಮಳೆಯೇ ಕಡಿಮೆ. ಪುಣೆ ಊರೊಳಗಿನ ಟೇಕಡಿಗೆ ಅದನ್ನೇ ಅಂಟಿಸಬಹುದಾ?

ಪ್ರಭಾಕರ ಜೋಶಿ (ಪಾಷಾಣ್): ಒಳ್ಳೇ ಪ್ರಶ್ನೆ. ಪೂರ್ತಿ ಅಂಟಿಸಬಾರದು. ಟೇಕಡಿಯ ಮಡಿಕೆಗಳಲ್ಲಿ, ನೀರು ಹರಿಯುವ ಕಡೆ ಮಣ್ಣು ಆಳ ಇದೆ, ಅಲ್ಲಿ ಮರ ತಾನಾಗಿ ಬೆಳೆದಿದೆ. ನೆತ್ತಿಯ ಮೇಲೆ ಹಾರೆ ಹಾಕಿ ನೋಡಿ. ಗೇಣುದ್ದ ಇಳಿಯುವಷ್ಟರಲ್ಲಿ ಠಣ್ ಅಂತ ಕಪ್ಪು ಬಸಾಲ್ಟ್ ಕಲ್ಲು. ಮಳೆ ಬರುವುದು ನಾಲ್ಕು ತಿಂಗಳು, ಆಮೇಲೆ ಸಸಿಗೆ ಟ್ಯಾಂಕರ್ ನೀರೇ ಗತಿ. ಅಂಥಲ್ಲಿ ಹಿಂದೆ ನೆಟ್ಟು ಉಳಿದದ್ದು ಯಾವುದು? ಗ್ಲಿರಿಸಿಡಿಯಾ, ನಮ್ಮ ಕಡೆ ಗೊಬ್ಬರದ ಗಿಡ ಅಂತೀವಲ್ಲ, ಅದು. ಫೆಬ್ರವರಿಯಲ್ಲಿ ಗುಲಾಬಿ ಹೂ ಬಿಟ್ಟಾಗ ಚಂದ ಕಾಣುತ್ತದೆ. ಬುಡಕ್ಕೆ ಹೋಗಿ ನೋಡಿದರೆ ಬರೀ ಒಣ ಎಲೆ, ಹುಲ್ಲಿನ ಎಸಳಿಲ್ಲ.

ಮಂಜುಳಾ (ಧನಕವಡಿ): ನಮ್ಮ ರಾಣೆಬೆನ್ನೂರಿನಲ್ಲೂ ಇದೇ ಆಯಿತು. ಕೃಷ್ಣಮೃಗದ ಬಯಲಿಗೆ ನೀಲಗಿರಿ ತುಂಬಿದರು. ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಲ್ಲಿಂದ ಮಾಯವಾಯಿತು. ಚಿತ್ರದುರ್ಗದ ಅಮೃತಮಹಲ್ ಕಾವಲುಗಳಲ್ಲಿ ದನ ಮೇಯಿಸಿದವರ ಮನೆಯವಳು ನಾನು. ಹುಲ್ಲು ಇದ್ದರೆ ಆ ನೆಲ ಖಾಲಿ ಅಂತ ನಮ್ಮ ಅಜ್ಜ ಯಾವತ್ತೂ ಅಂದವರಲ್ಲ.

ರಾಘವೇಂದ್ರ (ಪಿಂಪ್ರಿ): ನೆರಳಿನ ಪ್ರಶ್ನೆ ಹಾಗೇ ಉಳಿಯಿತಲ್ಲ.

ಸವಿತಾ (ಕೋಥ್ರೂಡ್): ನೆರಳು ಬೇಕಾಗಿರುವುದು ಬಸ್ ಸ್ಟಾಪಿನಲ್ಲಿ, ಶಾಲೆ ಗೇಟಿನ ಹತ್ತಿರ, ನಮ್ಮ ಸೊಸೈಟಿ ಗೋಡೆಗುಂಟ. ಬೇವು, ಹೊಂಗೆ ಅಲ್ಲಿ ನೆಡೋಣ. ನೀರು ಹಾಕೋಕೂ ಸುಲಭ.

ರಾಘವೇಂದ್ರ (ಪಿಂಪ್ರಿ): ರಸ್ತೆ ಬದಿ ನೆಟ್ಟದ್ದನ್ನು ಅಗಲೀಕರಣಕ್ಕೆ ಕಡಿಯುತ್ತಾರೆ, ಅಕ್ಕ. ಟೇಕಡಿಯಲ್ಲಿ ಕಡಿಯಲ್ಲ ಅನ್ನೋ ಒಂದೇ ಧೈರ್ಯಕ್ಕೆ ಜನ ಅಲ್ಲಿಗೆ ಹೋಗುವುದು. ಸೊಸೈಟಿ ಒಳಗೆ ಜಾಗ ಕೊಡುವವರು ಯಾರಿದ್ದಾರೆ? ಮೊದಲು ಅದು ಗೊತ್ತಾಗಲಿ. ನಮ್ಮ ಸೊಸೈಟಿಯಲ್ಲಿ ಹಿಂದಿನ ಗೋಡೆಗುಂಟ ಆರೇಳು ಗಿಡಕ್ಕೆ ಜಾಗ ಇದೆ, ಸೆಕ್ರೆಟರಿ ಹತ್ತಿರ ನಾನು ಮಾತಾಡುತ್ತೇನೆ.